ಮೂರನೆಯವನನ್ನು ನೋಡಿ: ಬ್ರಿಟನ್ನಿನ ಸ್ಪೀಡ್‌ವೇ ಲೀಗಿನ ಒಂದು ಸೀಸನ್

ಕೇಳುಗರಿಗೆಲ್ಲ ನಮಸ್ಕಾರ.

ಬೈಕ್ ರೇಸ್ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಯಾರು ಗೆದ್ದರು? ಇವತ್ತು ಹತ್ತು ನಿಮಿಷ ಆ ಪ್ರಶ್ನೆಯನ್ನು ಪಕ್ಕಕ್ಕಿಡಿ. ಮೂರನೆಯವನಾಗಿ ಯಾರು ಬಂದರು ಅಂತ ಕೇಳಿ. ಬ್ರಿಟನ್ನಿನ ಸ್ಪೀಡ್‌ವೇ ಲೀಗ್ ಅರ್ಥವಾಗಬೇಕಾದರೆ ಇದೊಂದು ಸಾಕು.

ಮೊದಲು ಆಟ ಏನು ಅಂತ ಹೇಳಿಬಿಡುತ್ತೇನೆ. ಮೊಟ್ಟೆಯಾಕಾರದ ಚಿಕ್ಕ ಟ್ರ್ಯಾಕು. ಒಂದು ಸುತ್ತು ಮುನ್ನೂರು ಮೀಟರಿನ ಆಸುಪಾಸು. ಮೇಲೆ ಡಾಂಬರಿಲ್ಲ, ಪುಡಿಗಲ್ಲು ಬೆರೆತ ಸಡಿಲ ಮಣ್ಣು. ಒಂದು ಸಲಕ್ಕೆ ನಾಲ್ಕೇ ಬೈಕು, ನಾಲ್ಕೇ ಸುತ್ತು. ಎಲ್ಲ ತಿರುವೂ ಎಡಕ್ಕೆ. ಒಂದು ನಿಮಿಷದಲ್ಲಿ ಮುಗಿಯಿತು. ಇದಕ್ಕೆ ಹೀಟ್ ಅನ್ನುತ್ತಾರೆ.

ಬೈಕು 500 ಸಿಸಿ, ಒಂದೇ ಸಿಲಿಂಡರು. ಪೆಟ್ರೋಲ್ ಅಲ್ಲ, ಮೆಥನಾಲ್ ಕುಡಿಯುತ್ತದೆ. ಗೇರ್ ಬದಲಿಸುವ ಮಾತೇ ಇಲ್ಲ. ಬ್ರೇಕೂ ಇಲ್ಲ. ಹೌದು, ಸರಿಯಾಗಿಯೇ ಕೇಳಿಸಿತು ನಿಮಗೆ, ಬ್ರೇಕ್ ಇಲ್ಲ. ತಿರುವಿಗೆ ಬಂದಾಗ ಹಿಂದಿನ ಚಕ್ರವನ್ನು ಹೊರಕ್ಕೆ ಜಾರಿಸುತ್ತಾರೆ. ಬೈಕು ಎಡಕ್ಕೆ ಹೋಗುತ್ತಿರುತ್ತದೆ, ಮುಂದಿನ ಚಕ್ರ ಬಲಕ್ಕೆ ತಿರುಗಿರುತ್ತದೆ! ಎಡಗಾಲಿನ ಬೂಟಿನ ಕೆಳಗೆ ಕಬ್ಬಿಣದ ತಗಡು. ಆ ಕಾಲನ್ನು ನೆಲಕ್ಕೆ ಊರಿ ಜಾರುತ್ತಾರೆ. ಬಲಗೈ ಮಣಿಕಟ್ಟಿಗೆ ಒಂದು ದಾರ. ಸವಾರ ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲುತ್ತದೆ. ಕನ್ನಡಕದ ಮೇಲೆ ಪಾರದರ್ಶಕ ಹಾಳೆಗಳ ಪದರ. ಮುಂದಿನ ಬೈಕು ಎರಚಿದ ಮಣ್ಣು ಮೆತ್ತಿಕೊಂಡರೆ ಒಂದು ಹಾಳೆ ಕಿತ್ತೆಸೆಯುತ್ತಾರೆ, ಓಡಿಸುತ್ತಲೇ. ಎಂಜಿನ್ನುಗಳ ಜೊತೆಯೇ ಬದುಕಿದವನು ನಾನು. ಆದರೂ ಇದನ್ನು ನೋಡಿದಾಗಲೆಲ್ಲ ಮೈ ಜುಂ ಅನ್ನುತ್ತದೆ.

"ಸುಮ್ನೆ ಸುತ್ತು ಹೊಡೆಯೋದು ಅಷ್ಟೇ ಅಲ್ವಾ" ಅನ್ನುವವರಿದ್ದಾರೆ. ಅವರು ಮುಂದಿನವನನ್ನು ಮಾತ್ರ ನೋಡಿರುತ್ತಾರೆ. ಲೆಕ್ಕ ಕೇಳಿ.

ಲೀಗ್ ಪಂದ್ಯದಲ್ಲಿ ಎರಡು ತಂಡ, ಒಂದೊಂದರಲ್ಲಿ ಏಳು ಸವಾರರು. ಪ್ರತಿ ಹೀಟಿಗೆ ತಂಡಕ್ಕೆ ಇಬ್ಬರು. ಊರಿನವರಿಗೆ ಕೆಂಪು, ನೀಲಿ ಹೆಲ್ಮೆಟ್. ಬಂದವರಿಗೆ ಬಿಳಿ, ಹಳದಿ. ಮೊದಲನೆಯವನಿಗೆ 3 ಪಾಯಿಂಟ್, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಒಟ್ಟು 15 ಹೀಟು. ಹೀಟಿಗೆ 6 ಅಂದರೆ ಪಂದ್ಯಕ್ಕೆ 90 ಪಾಯಿಂಟ್.

ಈಗ ನಿಮ್ಮವನೊಬ್ಬ ಮೊದಲು ಬಂದ, ಇನ್ನೊಬ್ಬ ಕೊನೆಗೆ ಬಂದ ಅಂತಿಟ್ಟುಕೊಳ್ಳಿ. ನಿಮಗೆ 3. ಎದುರಾಳಿಗೆ 2 ಮತ್ತು 1, ಅವರಿಗೂ 3. ನಿಮ್ಮವನು ಗೆದ್ದು ಏನು ಬಂತು? ಏನೂ ಇಲ್ಲ! ಅದೇ ಆ ಕೊನೆಯವನು ಒಬ್ಬನನ್ನು ದಾಟಿ ಮೂರನೆಯವನಾದ ಅಂತಿಟ್ಟುಕೊಳ್ಳಿ. ಆಗ 4-2. ಅವನಿಗೆ ಚಪ್ಪಾಳೆ ತಟ್ಟುವವರಿಲ್ಲ. ಆದರೆ 45-45ರಲ್ಲಿ ಮುಗಿಯಬೇಕಿದ್ದ ಪಂದ್ಯವನ್ನು 46-44ಕ್ಕೆ ತಂದವನು ಅವನೇ. ಕಬಡ್ಡಿಯಲ್ಲಿ ಒಂದು ಬೋನಸ್ ಪಾಯಿಂಟ್ ಪಂದ್ಯವನ್ನೇ ತಿರುಗಿಸುವುದನ್ನು ನೀವು ನೋಡಿದ್ದೀರಿ, ಇದೂ ಹಾಗೆಯೇ. ಅದಕ್ಕೇ ಹೇಳಿದ್ದು, ಮೂರನೆಯವನನ್ನು ನೋಡಿ.

ಇದಕ್ಕೆ ನನಗೆ ತುಂಬ ಇಷ್ಟವಾದ ಒಂದು ಸೀಸನ್ ಇದೆ, 2021ರದ್ದು.

ಹಿಂದಿನ ವರ್ಷ ಕೊರೊನಾದಿಂದ ಲೀಗ್ ನಡೆದೇ ಇರಲಿಲ್ಲ. ಬ್ರಿಟನ್ನಿನ ಮೇಲ್ದರ್ಜೆಯ ಲೀಗಿಗೆ ಈಗ ಪ್ರೀಮಿಯರ್‌ಷಿಪ್ ಅಂತ ಹೆಸರು. 2021ರಲ್ಲಿ ಅದಕ್ಕೆ ಉಳಿದಿದ್ದು ಆರೇ ತಂಡ. ಬೆಲ್ ವ್ಯೂ, ಇಪ್ಸ್‌ವಿಚ್, ಕಿಂಗ್ಸ್ ಲಿನ್, ಶೆಫೀಲ್ಡ್, ವುಲ್ವರ್‌ಹ್ಯಾಂಪ್ಟನ್, ಮತ್ತೆ ಪೀಟರ್‌ಬರೊ. ಈ ಪೀಟರ್‌ಬರೊ ಪ್ಯಾಂಥರ್ಸ್ ಕಟ್ಟಿದ ತಂಡ ನೋಡಿ ಜನ ನಕ್ಕರು. ಸ್ಕಾಟ್ ನಿಕೋಲ್ಸ್‌ಗೆ 43 ವರ್ಷ. ಡೆನ್ಮಾರ್ಕಿನ ಬ್ಯಾರ್ನ ಪೆಡರ್ಸನ್‌ಗೂ 43. ಹಾನ್ಸ್ ಆಂಡರ್ಸನ್ ಮತ್ತು ಉಲ್ರಿಕ್ ಓಸ್ಟರ್‌ಗಾರ್ಡ್ ನಲವತ್ತು ಮುಟ್ಟಿದವರು. ಕ್ರಿಸ್ ಹ್ಯಾರಿಸ್‌ಗೆ 38. ಜೊತೆಗೆ ಮೂವತ್ತರ ಮೈಕೆಲ್ ಪಾಮ್ ಟಾಫ್ಟ್, ಹದಿಹರೆಯದ ಜೋರ್ಡನ್ ಪೇಲಿನ್. ಅಪ್ಪಂದಿರ ಸೈನ್ಯ ಅಂತ ಹೆಸರಿಟ್ಟರು.

ಹೀಗೆ ತಂಡ ಕಟ್ಟಲು ಒಂದು ಕಾರಣ ಇದೆ. ಬ್ರಿಟನ್ನಿನ ಲೀಗಿನಲ್ಲಿ ದುಡ್ಡಿದ್ದವರು ಏಳು ಚಾಂಪಿಯನ್ನರನ್ನು ತಂದು ನಿಲ್ಲಿಸುವ ಹಾಗಿಲ್ಲ. ಪ್ರತಿ ಸವಾರನಿಗೂ ಹಿಂದಿನ ಪಂದ್ಯಗಳಲ್ಲಿ ತಂದ ಪಾಯಿಂಟಿನ ಮೇಲೆ ಒಂದು ಸರಾಸರಿ ಇರುತ್ತದೆ. ಏಳು ಜನರ ಸರಾಸರಿ ಕೂಡಿದರೆ ಇಂತಿಷ್ಟು ಮೀರಬಾರದು ಅಂತ ನಿಯಮ. ಆದ್ದರಿಂದ ಚೆನ್ನಾಗಿ ಆಡಿ ಸರಾಸರಿ ಏರಿಸಿಕೊಂಡ ತಂಡವೇ ಮುಂದಿನ ವರ್ಷ ಒಡೆಯುತ್ತದೆ. ವಯಸ್ಸಾದ ಸವಾರನ ಸರಾಸರಿ ಇಳಿದಿರುತ್ತದೆ, ಅವನು ಲೆಕ್ಕದೊಳಗೆ ಸಲೀಸಾಗಿ ಹಿಡಿಸುತ್ತಾನೆ. ಆದರೆ ತಲೆಯೊಳಗಿನ ವಿದ್ಯೆ ಇಳಿದಿರುತ್ತದೆಯೇ?

ಯಾರು ಇವರು ಅಂತ ಸ್ವಲ್ಪ ಕೇಳಿ. ನಿಕೋಲ್ಸ್ ಏಳು ಸಲ ಬ್ರಿಟಿಷ್ ಚಾಂಪಿಯನ್. 1998ರಲ್ಲಿ ಇಪ್ಸ್‌ವಿಚ್ ಲೀಗ್ ಗೆದ್ದಾಗ ಆ ತಂಡದಲ್ಲಿದ್ದ ಹುಡುಗ. ಆಂಡರ್ಸನ್ 2006ರಲ್ಲಿ ಇದೇ ಪೀಟರ್‌ಬರೊ ಲೀಗ್ ಗೆದ್ದಾಗ ಇದ್ದವನು. ಹ್ಯಾರಿಸ್ 2007ರಲ್ಲಿ ಕಾರ್ಡಿಫ್‌ನ ಗ್ರ್ಯಾನ್ ಪ್ರೀ, ಅಂದರೆ ಸ್ಪೀಡ್‌ವೇ ವಿಶ್ವ ಚಾಂಪಿಯನ್‌ಷಿಪ್ಪಿನ ಒಂದು ಸುತ್ತಿನ ಸ್ಪರ್ಧೆ, ಅದರ ಫೈನಲಿನಲ್ಲಿ, ಕೊನೆಯ ಸುತ್ತಿನಲ್ಲಿ, ಅಮೆರಿಕದ ಗ್ರೆಗ್ ಹ್ಯಾಂಕಾಕ್‌ನನ್ನು ದಾಟಿ ಗೆದ್ದವನು. ಆ ವಿಡಿಯೊ ಈಗಲೂ ಸಿಗುತ್ತದೆ. ಹ್ಯಾರಿಸ್ ಹಿಂದೆ ಇದ್ದಾನೆ ಅಂದರೆ ಮುಗಿದಿಲ್ಲ ಅಂತಲೇ ಅರ್ಥ.

ಇಂಥವರು ಜೋಡಿಯಾಗಿ ಓಡಿಸುವುದನ್ನು ನೋಡಬೇಕು. ಹುಡುಗರು ಮುಂದೆ ಹೋದರೆ ಹೋಗಿಯೇಬಿಡುತ್ತಾರೆ. ಅನುಭವಸ್ಥ ಹಾಗಲ್ಲ. ಮುಂದಿದ್ದರೂ ಕತ್ತು ತಿರುಗಿಸಿ ನೋಡುತ್ತಾನೆ. ಜೊತೆಗಾರ ಎಲ್ಲಿ? ಹಿಂದೆ ಸಿಕ್ಕಿಕೊಂಡಿದ್ದರೆ ತಿರುವಿನಲ್ಲಿ ಒಂದಿಷ್ಟು ಅಗಲವಾಗಿ ಹೋಗಿ ಒಳಗೆ ಜಾಗ ಬಿಡುತ್ತಾನೆ. ಜೊತೆಗಾರ ನುಗ್ಗುತ್ತಾನೆ. ಆಮೇಲೆ ಒಬ್ಬ ಒಳಗಿನ ಬಿಳಿ ಗೆರೆ ಹಿಡಿಯುತ್ತಾನೆ, ಇನ್ನೊಬ್ಬ ಬೇಲಿ ಕಡೆ. ಹಿಂದಿನವನಿಗೆ ದಾರಿಯೇ ಇಲ್ಲ, ಮುಖದ ತುಂಬ ಮಣ್ಣು. ಇದನ್ನು ಟೀಮ್ ರೈಡಿಂಗ್ ಅನ್ನುತ್ತಾರೆ. ಪಾಯಿಂಟಿಗೆ ಇಷ್ಟು ಅಂತ ದುಡ್ಡು ಸಿಗುವ ಆಟ ಇದು. ಆದರೂ ಜೊತೆಗಾರನಿಗೋಸ್ಕರ ವೇಗ ಕಳೆದುಕೊಳ್ಳುತ್ತಾರೆ. ಅದಕ್ಕೆ ನಿಯಮವೂ ಬೆನ್ನು ತಟ್ಟುತ್ತದೆ. ಎದುರಾಳಿಗಿಂತ ಮುಂದೆ, ಜೊತೆಗಾರನ ಬೆನ್ನಹಿಂದೆ ಬಂದವನಿಗೆ ಒಂದು ಬೋನಸ್. ಅದು ತಂಡದ ಮೊತ್ತಕ್ಕೆ ಸೇರುವುದಿಲ್ಲ, ಸವಾರನ ಖಾತೆಗೆ ಸೇರುತ್ತದೆ.

ಅಪ್ಪಂದಿರ ಸೈನ್ಯ ಮೊದಲ ನಾಲ್ಕರೊಳಗೆ ಬಂತು, ಪ್ಲೇ ಆಫ್ ಆಡಿತು, ಗ್ರ್ಯಾಂಡ್ ಫೈನಲ್ ಮುಟ್ಟಿತು. ಫೈನಲ್ ಎರಡು ಪಂದ್ಯ, ಅವರ ಊರಲ್ಲೊಂದು, ಇವರ ಊರಲ್ಲೊಂದು. ಎದುರಿಗೆ ಮ್ಯಾಂಚೆಸ್ಟರಿನ ಬೆಲ್ ವ್ಯೂ ಏಸಸ್. ಅಲ್ಲಿ ಡ್ಯಾನ್ ಬ್ಯೂಲಿ, ಬ್ರೇಡಿ ಕರ್ಟ್ಜ್‌ರಂಥ ಬಿಸಿರಕ್ತದ ಹುಡುಗರು. ಗೆದ್ದಿದ್ದು ಪೀಟರ್‌ಬರೊ! ಒಬ್ಬ ಹೀರೊ ಗೆಲ್ಲಿಸಲಿಲ್ಲ. ಏಳು ಜನರಲ್ಲಿ ಸೊನ್ನೆ ತರುವವರು ಕಡಿಮೆ ಇದ್ದರು. ಪೇಪರಿನವರು ವಯಸ್ಸಿನ ಬಗ್ಗೆಯೇ ಬರೆದರು. ಮೂರನೇ ಸ್ಥಾನಗಳ ಬಗ್ಗೆ ಬರೆಯಬೇಕಿತ್ತು.

ಈ ಕತೆಗೇ ಸಮಯ ಜಾಸ್ತಿ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಈ ಆಟ ಬೇರೂರಿದ್ದು 1928ರ ಫೆಬ್ರುವರಿಯಲ್ಲಿ, ಲಂಡನ್ ಹತ್ತಿರದ ಹೈ ಬೀಚ್‌ನಲ್ಲಿ. ಸೀಸನ್ ವಸಂತದಿಂದ ಅಕ್ಟೋಬರ್ ತನಕ. ಮಳೆ ಬಂದರೆ ಪಂದ್ಯ ಇಲ್ಲ. ಸವಾರನಿಗೆ ಪೆಟ್ಟಾದರೆ ಬೇರೆ ತಂಡದವನನ್ನೇ ಆ ದಿನದ ಮಟ್ಟಿಗೆ ಅತಿಥಿಯಾಗಿ ಕರೆತರಬಹುದು. ಒಳ್ಳೆಯ ಸವಾರರು ಒಂದೇ ವಾರದಲ್ಲಿ ಪೋಲೆಂಡ್, ಸ್ವೀಡನ್, ಇಂಗ್ಲೆಂಡ್ ಮೂರೂ ಕಡೆ ಓಡಿಸುತ್ತಾರೆ.

ಬೇಸರದ ಸಂಗತಿಯೂ ಇದೆ, ಹೇಳದಿದ್ದರೆ ತಪ್ಪಾಗುತ್ತದೆ. ಟ್ರ್ಯಾಕುಗಳು ಮುಚ್ಚುತ್ತಿವೆ. 2023ರ ಸೀಸನ್ ಮುಗಿದ ಮೇಲೆ ವುಲ್ವರ್‌ಹ್ಯಾಂಪ್ಟನ್ನಿನ ಮಾನ್‌ಮೋರ್ ಗ್ರೀನ್ ಹೋಯಿತು. ಪೀಟರ್‌ಬರೊದ ಅಂಗಳವೂ ಅದೇ ವರ್ಷ ಹೋಯಿತು, ಆ ಜಾಗದ ಮೇಲೆ ಮನೆ ಕಟ್ಟುವ ಯೋಜನೆ. ಚಾಂಪಿಯನ್ ಆಗಿ ಎರಡೇ ವರ್ಷಕ್ಕೆ ತಂಡಕ್ಕೆ ಮನೆಯಿಲ್ಲ! ಇದು ನನಗೆ ಸಹಿಸಲು ಆಗುವುದಿಲ್ಲ. ಇತ್ತ ಬೆಲ್ ವ್ಯೂ 2022ರಲ್ಲಿ ಗೆದ್ದಿತು, 1993ರ ಮೇಲೆ ಮೊದಲ ಸಲ.

ಕೇಳುಗರಲ್ಲಿ ಎಷ್ಟೋ ಜನರ ಮಕ್ಕಳು ಮ್ಯಾಂಚೆಸ್ಟರ್, ಲೆಸ್ಟರ್, ಶೆಫೀಲ್ಡ್ ಕಡೆ ಕೆಲಸದಲ್ಲಿದ್ದಾರೆ. ಮೂರೂ ಊರಿನಲ್ಲಿ ಸ್ಪೀಡ್‌ವೇ ತಂಡ ಇದೆ. ಫೋನ್ ಮಾಡಿದಾಗ ಒಂದು ಮಾತು ಹೇಳಿ, ಒಂದು ಸಂಜೆ ಹೋಗಿ ಬರಲಿ. ಮೊದಲ ತಿರುವಿನ ಹತ್ತಿರ ನಿಲ್ಲಲಿ. ಅಲ್ಲಿ ಮಣ್ಣು ಪ್ರೇಕ್ಷಕರ ಮೇಲೂ ಹಾರುತ್ತದೆ, ಅದಕ್ಕೆ ಹಳೆ ಬಟ್ಟೆ ಹಾಕಿಕೊಂಡು ಹೋಗಲಿ. ಪ್ರೋಗ್ರಾಂ ಪುಸ್ತಕ ಕೊಂಡುಕೊಳ್ಳಲಿ, ಜೇಬಲ್ಲೊಂದು ಪೆನ್ನಿರಲಿ. ಪ್ರತಿ ಹೀಟಿನ ಪಾಯಿಂಟ್ ಬರೆಯಲು ಅದರಲ್ಲಿ ಖಾಲಿ ಮನೆಗಳಿರುತ್ತವೆ. ಅಲ್ಲಿ ಎಲ್ಲರೂ ಕೂತು ಬರೆಯುತ್ತಾರೆ.

ನಮಸ್ಕಾರ.