ದಶಮಾಂಶದ ಆಕ್ಸಿಜನ್ ನಮ್ಮ ಲ್ಯಾಬಿಗೂ ಬರಲಿ

ನಮಸ್ಕಾರ. ಇವತ್ತಿನ ಮಾತು ಕಾರವಾರ, ಕುಮಟಾ, ಶಿರಸಿ ಕಡೆ ಬಿಎಸ್ಸಿಗೆ ಕೆಮಿಸ್ಟ್ರಿ ಹೇಳಿಕೊಡುವ ಸರ್, ಮೇಡಂಗಳಿಗೆ.

ಕ್ರಿಸ್ಟಲ್ ಸ್ಟ್ರಕ್ಚರ್ ಅಂದ್ರೆ ನಮ್ಮಲ್ಲಿ ಇನ್ನೂ ಪರೀಕ್ಷೆಗೆ ಬಿಡಿಸುವ ಚಿತ್ರ. ಮೂಲೆಗೊಂದು ಅಯಾನು, ನಡುವೆ ಒಂದು, ಮುಖಗಳ ಮೇಲೆ ಆಕ್ಸಿಜನ್. ಅಂಕ ಬಂತು, ಮರೆತುಹೋಯ್ತು. ಆ ಆಕ್ಸಿಜನ್ ಒಳಗೆ ಬರುತ್ತದೆ, ಹೊರಗೂ ಹೋಗುತ್ತದೆ, ಹೋದರೆ ವಸ್ತುವಿನ ಗುಣವೇ ಬದಲಾಗುತ್ತದೆ. ಇದನ್ನು ಮಕ್ಕಳು ಕೈಯಾರೆ ಮಾಡಿ ನೋಡಬೇಕು.

ವೈಬಿಸಿಒ ತಗೊಳ್ಳಿ. ಇಟ್ರಿಯಂ, ಬೇರಿಯಂ, ತಾಮ್ರ 1:2:3 ಲೆಕ್ಕದಲ್ಲಿರುವ ಆಕ್ಸೈಡ್. ಸುಮಾರು 92 ಕೆಲ್ವಿನ್‌ಗೆ (ಅಂದ್ರೆ ಮೈನಸ್ 181 ಡಿಗ್ರಿ ಸೆಲ್ಸಿಯಸ್) ಸೂಪರ್‌ಕಂಡಕ್ಟರ್, ಅಂದ್ರೆ ವಿದ್ಯುತ್ತಿಗೆ ತಡೆಯೇ ಒಡ್ಡದ ವಸ್ತು ಆಗುತ್ತದೆ ಎಂದು 1987ರಲ್ಲಿ ಗೊತ್ತಾದಾಗ ಪ್ರಪಂಚದ ಲ್ಯಾಬುಗಳು ಇದರ ಹಿಂದೆ ಬಿದ್ದವು. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಅದೇ ವರ್ಷ ಇದರಲ್ಲಿ ಮುಳುಗಿತ್ತು.

ಕುಲುಮೆಯಲ್ಲಿ 950 ಡಿಗ್ರಿ ಹತ್ತಿರ ಕಾಯುವಾಗ ಇದರಲ್ಲಿ ಆಕ್ಸಿಜನ್ ಕಡಿಮೆ, ಹರಳಿನಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ಪೆಟ್ಟಿಗೆಯ (ಯೂನಿಟ್ ಸೆಲ್) ಪಾಯದ ಎರಡು ಬದಿಗಳೂ ಸಮ. ಆಕ್ಸಿಜನ್ ಹಾಯಿಸುತ್ತಾ ನಿಧಾನವಾಗಿ ಆರಿಸಿದರೆ 400-500 ಡಿಗ್ರಿಯ ಹೊತ್ತಿಗೆ ಅದು ಮತ್ತೆ ಒಳಗೆ ಹೊಕ್ಕು, ಅಡಿಕೆ ತೋಟದ ಸಾಲಿನಂತೆ ಒಂದೇ ದಿಕ್ಕಿಗೆ ತಾಮ್ರದ ಮಧ್ಯೆ ನಿಲ್ಲುತ್ತದೆ. ಆ ದಿಕ್ಕಿನ ಬದಿ 3.89 ಆಂಗ್‌ಸ್ಟ್ರಮ್ ಆಗುತ್ತದೆ, ಇನ್ನೊಂದು 3.82. ಸೂತ್ರದಲ್ಲಿ ಆಕ್ಸಿಜನ್ 6.9 ಇದ್ದರೆ 77 ಕೆಲ್ವಿನ್‌ನ ದ್ರವ ನೈಟ್ರೋಜನ್ ಸಾಕು, ಇದರ ಪುಡಿ ಒತ್ತಿ ಸುಟ್ಟ ಬಿಲ್ಲೆಯ ಮೇಲೆ ಅಯಸ್ಕಾಂತ ತೇಲುತ್ತದೆ. 6.6 ಇದ್ದರೆ 60ರ ಸುಮಾರಿಗೆ ಇಳಿಯಬೇಕು, ಅಯಸ್ಕಾಂತ ಸುಮ್ನೆ ಬಿದ್ದಿರುತ್ತದೆ. ನೋಡಲು ಎರಡೂ ಬಿಲ್ಲೆ ಕಪ್ಪೇ!

ಇದಕ್ಕೆಲ್ಲ ದೊಡ್ಡ ಸಂಸ್ಥೆ ಬೇಕು ಅಂತೀರಾ? ನಾನು ಒಪ್ಪುವುದಿಲ್ಲ. ಆಕ್ಸಿಜನ್ ಲೆಕ್ಕ ಹಾಕಲು ಅಯೋಡೋಮೆಟ್ರಿ, ಅಂದ್ರೆ ಬಿಡುಗಡೆಯಾದ ಅಯೋಡಿನ್ ಅಳೆಯುವ ಟೈಟ್ರೇಷನ್ ಸಾಕು. ಅದೇ ಬ್ಯುರೆಟ್, ಅದೇ ಥಯೋಸಲ್ಫೇಟ್, ಅದೇ ಪಿಷ್ಟದ ನೀಲಿ. ಮಕ್ಕಳು ಪ್ರಾಕ್ಟಿಕಲ್‌ನಲ್ಲಿ ಮಾಡುವುದೇ ಅಲ್ವಾ? ದ್ರವ ನೈಟ್ರೋಜನ್ ಅಂತೂ ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳಿಗಾಗಿ ಪಶು ಆಸ್ಪತ್ರೆಗಳಿಗೆ ಬಂದೇ ಬರುತ್ತದೆ. ವಿನಂತಿ ಮಾಡಿ ಕೇಳಿ ನೋಡಿ. ಕಷ್ಟದ್ದು ಅಂದ್ರೆ ಆಕ್ಸಿಜನ್ ಹಾಯಿಸುವ ಕೊಳವೆ ಕುಲುಮೆ. ಅದನ್ನು ಎರಡು ಮೂರು ಕಾಲೇಜು ಸೇರಿ ಕೊಳ್ಳಬಹುದು. ಬೇರಿಯಂ ಕಾರ್ಬೋನೇಟ್ ವಿಷ. ಕೈಗವಸು, ಮಾಸ್ಕ್ ಇಲ್ಲದೆ ಯಾರೂ ಅದನ್ನು ಅರೆಯಬಾರದು.

ಬಿಲ್ಲೆಯಲ್ಲಿ ಹಸಿರು ಚುಕ್ಕೆ ಕಂಡರೆ ಅದೂ ಪಾಠವೇ. ಆ ಹಸಿರು ಬೇರೆಯೇ ಆಕ್ಸೈಡ್, ಇಟ್ರಿಯಂ ಎರಡು, ಬೇರಿಯಂ ಒಂದು, ತಾಮ್ರ ಒಂದು ಇರುವಂಥದ್ದು. ತೂಕ ತಪ್ಪಿದೆ ಅಥವಾ ಅರೆದದ್ದು ಸಾಲದು ಎಂದು ಅದೇ ಹೇಳುತ್ತದೆ. ಪುಸ್ತಕದ ಚಿತ್ರದಿಂದ ಇದು ಗೊತ್ತಾಗುವುದಿಲ್ಲ.

ಇನ್ನೊಂದು ಕೆಲಸ ನಮ್ಮ ಕರಾವಳಿಗೆ ಹೇಳಿ ಮಾಡಿಸಿದ್ದು. ಈ ವಸ್ತುವಿಗೆ ನೀರು ಆಗದು. ತೇವ ತಗುಲಿದರೆ ಬೇರಿಯಂ ಹೊರಬಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ, ಮೇಲೆ ಬಿಳಿ ಪುಡಿ ಕೂರುತ್ತದೆ. ಒಂದು ಬಿಲ್ಲೆ ಸಿಲಿಕಾ ಜೆಲ್ ಇರುವ ಡೆಸಿಕೇಟರ್‌ನಲ್ಲಿ, ಇನ್ನೊಂದು ಕಾರವಾರದ ಮಳೆಗಾಲದಲ್ಲಿ ಬಾಗಿಲಿಲ್ಲದ ಕಪಾಟಿನಲ್ಲಿ ಇಡಿ. ಜೂನ್‌ನಲ್ಲಿ ಇಟ್ಟು ಸೆಪ್ಟೆಂಬರ್‌ನಲ್ಲಿ ಎರಡರ ಮೇಲೂ ಅಯಸ್ಕಾಂತ ಇಟ್ಟು ನೋಡಿ, ಎರಡನ್ನೂ ಟೈಟ್ರೇಷನ್ ಮಾಡಿ. ಪ್ರಾಜೆಕ್ಟ್ ವಿಷಯ ಹುಡುಕುತ್ತಿರುವ ಮಕ್ಕಳಿಗೆ ದಯವಿಟ್ಟು ಇದನ್ನೇ ಕೊಡಿ, ಈ ಜೂನ್‌ನಿಂದಲೇ.