ಅಪ್ಪನ ಮುಂದೆ ತಲೆಬಾಗಬಹುದೇ?

ಕೇಳುಗರೇ, ನಮಸ್ಕಾರ.

ನನಗೊಬ್ಬ ಪೆನಾಂಗಿನ ಸ್ನೇಹಿತನಿದ್ದಾನೆ. ಮಲೇಷ್ಯಾದ ಚೀನೀ ಮನೆತನದವನು. ಬೆಂಗಳೂರಿನಲ್ಲಿ ಓದುವಾಗ ನಾವಿಬ್ಬರೂ ಒಂದೇ ರೂಮಿನಲ್ಲಿದ್ದೆವು. ಅವನ ಮನೆಯಲ್ಲಿ ಮೊದಲು ಕ್ರೈಸ್ತನಾದವನು ಅವನೇ. ಹಿರೀಮಗನೂ ಅವನೇ. ಅಪ್ಪ ತೀರಿಕೊಂಡಾಗ ಊರಿಗೆ ಹೋದ. ಶವದ ಮುಂದೆ ನಿಂತಾಗ ಚಿಕ್ಕಪ್ಪ ಹೊತ್ತಿಸಿದ ಊದಿನಕಡ್ಡಿಗಳನ್ನು ಅವನ ಕೈಗೆ ಕೊಟ್ಟರು. ಅದು ಕೂಡದು ಅಂತ ಅವನ ಸಭೆಯಲ್ಲಿ ಕಲಿಸಿದ್ದರು. ಹಿಡಿಯಲಾರದೆ ತಮ್ಮನ ಕೈಗೆ ದಾಟಿಸಿಬಿಟ್ಟ. ಸೋದರತ್ತೆ ಎಲ್ಲರ ಎದುರು ಕೇಳಿದರಂತೆ: "ನಿನಗೆ ಅಪ್ಪನೂ ಬೇಡವಾದನೇನೋ?"

ವಾಪಸ್ ಬಂದವನು ಎರಡು ವಾರ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಈ ಊದಿನಕಡ್ಡಿಯ ಜಗಳ ಅವನ ಮನೆಯದು ಮಾತ್ರ ಅಲ್ಲ. ಅದಕ್ಕೆ ನಾಲ್ಕು ನೂರು ವರ್ಷಗಳ ಕಥೆ ಇದೆ.

ಮಟ್ಟಿಯೊ ರಿಚ್ಚಿ ಇಟಲಿಯವರು, ಯೇಸುಸಭೆಯ ಪಾದ್ರಿ. ಚೀನಾಕ್ಕೆ ಹೋಗುವ ಮುಂಚೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಇದ್ದವರು. 1578ರಲ್ಲಿ ಗೋವಾಕ್ಕೆ ಬಂದರು, 1580ರಲ್ಲಿ ಕೊಚ್ಚಿಯಲ್ಲಿ ಗುರುದೀಕ್ಷೆ ಪಡೆದರು. 1583ರಲ್ಲಿ ದಕ್ಷಿಣ ಚೀನಾದಲ್ಲಿ ನೆಲೆಸಿದಾಗ ತಲೆ ಬೋಳಿಸಿಕೊಂಡು, ಬೌದ್ಧ ಭಿಕ್ಷುಗಳ ಹಾಗೆ ಬಟ್ಟೆ ತೊಟ್ಟರು. ಧರ್ಮ ಹೇಳುವವರು ಹೀಗಿದ್ದರೆ ಜನ ಒಪ್ಪುತ್ತಾರೆ ಅಂದುಕೊಂಡಿದ್ದರು. ಆದರೆ ಅಲ್ಲಿ ಓದಿದವರ ನಡುವೆ ಭಿಕ್ಷುಗಳಿಗೆ ಅಂಥ ಮರ್ಯಾದೆ ಇರಲಿಲ್ಲ. ಒಬ್ಬ ಚೀನೀ ಗೆಳೆಯನೇ ಅದನ್ನು ಬಿಡಿಸಿ ಹೇಳಿದ. 1595ರಲ್ಲಿ ರಿಚ್ಚಿ ಗಡ್ಡ, ಕೂದಲು ಬೆಳೆಸಿ, ವಿದ್ವಾಂಸರ ರೇಷ್ಮೆ ನಿಲುವಂಗಿ ತೊಟ್ಟರು. ಕನ್ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನು ಕೂತು ಕಲಿತರು. ಅಲ್ಲಿನವರಿಗೆ ಅವರು ಲಿ ಮಾದೌ ಆದರು.

ಹೋದ ಮನೆಯಲ್ಲೆಲ್ಲ ಅವರ ಕಣ್ಣಿಗೆ ಬಿದ್ದದ್ದು ಪೂರ್ವಜರ ಹೆಸರಿನ ಮರದ ಹಲಗೆ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡ್ತಾರಲ್ವಾ, ಹಾಗೆ ಅದರ ಮುಂದೆ ಊಟ ಇಡುತ್ತಾರೆ, ಊದಿನಕಡ್ಡಿ ಹಚ್ಚುತ್ತಾರೆ, ಬಗ್ಗಿ ನಮಸ್ಕರಿಸುತ್ತಾರೆ. ಸತ್ತವರು ಬಂದು ಉಣ್ಣುತ್ತಾರೆ ಅಂತ ಇವರು ಊಟ ಇಡುವುದಿಲ್ಲ, ಪ್ರೀತಿ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಗೊತ್ತಿಲ್ಲದೆ ಇಡುತ್ತಾರೆ ಅಂತ ರಿಚ್ಚಿ ಬರೆದಿಟ್ಟರು. ಹಾಗಾಗಿ ಕ್ರೈಸ್ತರಾದವರು ಅದನ್ನು ಬಿಡಬೇಕಿಲ್ಲ ಅನ್ನುವುದು ಅವರ ನಿಲುವು.

ಆ ಹಲಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದರ ಮೇಲೆ ತೀರಿಕೊಂಡವರ ಹೆಸರಿನ ಜೊತೆಗೆ 'ಝು' ಅನ್ನುವ ಅಕ್ಷರ ಬರೆಯುತ್ತಾರೆ. ಒಡೆಯ ಅಂತ ಅರ್ಥ. ಬರೆಯುವಾಗ ಮೇಲಿನ ಚುಕ್ಕೆಯನ್ನು ಬೇಕೆಂತಲೇ ಬಿಟ್ಟಿರುತ್ತಾರೆ. ಚುಕ್ಕೆ ಇಲ್ಲದಿದ್ದರೆ ಅದು 'ವಾಂಗ್', ಅಂದರೆ ರಾಜ. ಅಂತ್ಯಕ್ರಿಯೆಯ ಹೊತ್ತಿಗೆ ಗೌರವಸ್ಥರೊಬ್ಬರು ಕುಂಚ ಹಿಡಿದು ಕೆಂಪು ಚುಕ್ಕೆ ಇಡುತ್ತಾರೆ. ಅಲ್ಲಿಂದ ಅದು ಬರೀ ಮರ ಅಲ್ಲ, ಅಪ್ಪ ಬಂದು ಕೂತ ಜಾಗ. ಕಥೋಲಿಕರು ಚೀನೀ ಭಾಷೆಯಲ್ಲಿ ದೇವರಿಗೆ ಇಟ್ಟ ಹೆಸರು 'ತ್ಯೆನ್‌ಝು', ಸ್ವರ್ಗದ ಒಡೆಯ. ಅಲ್ಲಿರುವುದೂ ಇದೇ 'ಝು'. ಒಂದೇ ಅಕ್ಷರ ದೇವರ ಹೆಸರಲ್ಲೂ ಇದೆ, ಅಪ್ಪನ ಹಲಗೆಯ ಮೇಲೂ ಇದೆ. ಆಮೇಲೆ ಬಂದ ಡೊಮಿನಿಕನ್, ಫ್ರಾನ್ಸಿಸ್ಕನ್ ಅನ್ನುವ ಬೇರೆ ಸಂಘಗಳ ಪಾದ್ರಿಗಳು ಇದು ಪೂಜೆಯೇ ಅಂತ ಹಟ ಹಿಡಿದರು. ಅವರ ಭಯ ಪೂರ್ತಿ ಸುಳ್ಳು ಅಂತ ನಾನು ಹೇಳಲಾರೆ. ಅವರು ಜಾಸ್ತಿ ಓಡಾಡಿದ್ದು ಹಳ್ಳಿಗಾಡಿನ ಜನರ ನಡುವೆ. ಅಲ್ಲಿ ಪೂರ್ವಜರನ್ನು ನೆನೆಯುವವರೂ ಇದ್ದರು, ಅವರ ಹತ್ತಿರ ವರ ಬೇಡುವವರೂ ಇದ್ದರು.

ವಿಷಯ ರೋಮಿಗೆ ಹೋಯಿತು. 1700ರಲ್ಲಿ ಕಾಂಗ್‌ಶಿ ಚಕ್ರವರ್ತಿಯೇ, ಇದು ಗೌರವ ಸಲ್ಲಿಸುವ ರೀತಿ ಅಷ್ಟೇ ಅಂತ ಲಿಖಿತವಾಗಿ ತಿಳಿಸಿದ. ನೂರಾರು ಚೀನೀ ಕ್ರೈಸ್ತರು ಸಹಿ ಹಾಕಿ, ನಾವು ಇದನ್ನು ಯಾವ ಮನಸ್ಸಿನಿಂದ ಮಾಡುತ್ತೇವೆ ಅಂತ ರೋಮಿಗೆ ಬರೆದುಕೊಂಡರು. ಆ ಮಾತಿಗೆ ಬೆಲೆ ಸಿಗಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ತುಂಬ ಸಂಕಟ ಆಗುತ್ತದೆ. ಹಲಗೆಯ ಮುಂದೆ ಬಾಗಿದವರೇ ಮನಸ್ಸು ಬಿಚ್ಚಿ ಹೇಳಿದ್ದರಲ್ವಾ?

1704ರಲ್ಲಿ ಪೋಪ್ ಹನ್ನೊಂದನೇ ಕ್ಲೆಮೆಂಟ್ ಈ ಆಚರಣೆಗಳು ಬೇಡ ಅಂದರು. ಪೋಪ್ ಕಳಿಸಿದ ದೂತ ಟೂರ್ನಾನ್ ಚೀನಾಕ್ಕೆ ಹೋಗುವ ದಾರಿಯಲ್ಲಿ ಪುದುಚೇರಿಯಲ್ಲಿ ತಂಗಿದ್ದರು. ಅದೇ ವರ್ಷ ಅಲ್ಲಿಂದ ಮಧುರೈ, ಮೈಸೂರು, ಕರ್ನಾಟಿಕ್ ಮಿಷನ್‌ಗಳ ಪಾದ್ರಿಗಳಿಗೂ ಒಂದು ಆದೇಶ ಕಳಿಸಿದರು. ತಾಳಿ ಹೇಗಿರಬೇಕು, ಮದುವೆಯಲ್ಲಿ ಯಾವ ಶಾಸ್ತ್ರ ಬಿಡಬೇಕು ಅನ್ನುವುದೆಲ್ಲ ಅದರಲ್ಲಿತ್ತು. ಮೈಸೂರು ಸೀಮೆಯ ಕ್ರೈಸ್ತರ ಮದುವೆ ಮನೆಗೂ ಚೀನಾದ ಹಲಗೆಗೂ ಒಬ್ಬರೇ ಕಟ್ಟಳೆ ಹಾಕಿದ್ದು!

ಚಕ್ರವರ್ತಿಗೆ ಸಿಟ್ಟು ಬಂತು. 1706ರಲ್ಲಿ ಟೂರ್ನಾನ್ ಕಡೆಯ ಬಿಷಪ್ ಮೆಗ್ರೊ ಅವರನ್ನು ಕರೆಸಿ, ಸಿಂಹಾಸನದ ಹಿಂದೆ ಬರೆದಿದ್ದ ನಾಲ್ಕು ಅಕ್ಷರ ಓದಿ ಅಂದ. ನಾಲ್ಕನ್ನೂ ಓದಲು ಅವರಿಂದ ಆಗಲಿಲ್ಲ. ಚೀನಾದ ಆಚಾರ ಸರಿಯಲ್ಲ ಅಂತ 1693ರಲ್ಲೇ ತಮ್ಮ ಸೀಮೆಯಲ್ಲಿ ನಿಷೇಧ ಹಾಕಿದ್ದವರು ಇವರೇ. ಲಿ ಮಾದೌ ಹಾಕಿಕೊಟ್ಟ ದಾರಿಯಲ್ಲಿ ನಡೆಯುವವರು ಮಾತ್ರ ಇಲ್ಲಿರಬಹುದು, ಉಳಿದವರು ಹೊರಡಿ ಅಂತ ಕಾಂಗ್‌ಶಿ ಅಪ್ಪಣೆ ಮಾಡಿದ. 1715ರಲ್ಲಿ ರೋಮ್ ಇನ್ನೂ ಬಿಗಿಯಾಯಿತು. 1724ರಲ್ಲಿ ಕಾಂಗ್‌ಶಿಯ ಮಗ ಯೋಂಗ್‌ಝೆಂಗ್ ಕ್ರೈಸ್ತ ಧರ್ಮವನ್ನೇ ನಿಷೇಧಿಸಿದ. ಚರ್ಚುಗಳು ಕೈಬಿಟ್ಟು ಹೋದವು.

ಪೂರ್ವಜರ ಹಲಗೆಯ ಮುಂದೆ ಬಾಗಬಹುದು ಅಂತ ರೋಮ್ ಹೇಳಿದ್ದು 1939ರ ಡಿಸೆಂಬರಿನಲ್ಲಿ. ಇನ್ನೂರಕ್ಕೂ ಜಾಸ್ತಿ ವರ್ಷ ಹಿಡಿಯಿತು. 1971ರಲ್ಲಿ ತೈವಾನಿನ ತೈಪೆಯಲ್ಲಿ ಕಾರ್ಡಿನಲ್ ಯೂ ಬಿನ್ ಚೀನೀ ಹೊಸ ವರ್ಷಕ್ಕೆ ಎಲ್ಲರ ಎದುರಲ್ಲೇ ಪೂರ್ವಜರ ಸ್ಮರಣೆ ನಡೆಸಿದರು. ಈಗ ತೈವಾನಿನ ಕಥೋಲಿಕ ಚರ್ಚುಗಳಲ್ಲಿ ಹೊಸ ವರ್ಷದ ಹೊತ್ತಿಗೆ ಹೂವು, ಹಣ್ಣು, ಊದಿನಕಡ್ಡಿ ಎಲ್ಲವೂ ಇರುತ್ತವೆ. ಪ್ರಾಟೆಸ್ಟೆಂಟರಲ್ಲಿ ಹೆಚ್ಚಿನವರು ಇವತ್ತಿಗೂ ಕಡ್ಡಿ ಹಿಡಿಯುವುದಿಲ್ಲ. ಅದರ ಬದಲು ಹೂವು ಇಡುತ್ತಾರೆ.

ನನ್ನ ಸ್ನೇಹಿತನೂ ಇದೇ ದಾರಿ ಹಿಡಿದ. ಪ್ರತಿ ವರ್ಷ ಏಪ್ರಿಲ್ ಶುರುವಿನಲ್ಲಿ ಚಿಂಗ್‌ಮಿಂಗ್ ಬರುತ್ತದೆ, ಸಮಾಧಿ ಗುಡಿಸುವ ಹಬ್ಬ. ಎಲ್ಲರಿಗಿಂತ ಮುಂಚೆ ಇವನು ಹೋಗಿ ಕಳೆ ಕೀಳುತ್ತಾನೆ, ಕಲ್ಲು ತೊಳೆಯುತ್ತಾನೆ, ಸೇವಂತಿಗೆ ಇಡುತ್ತಾನೆ. ಅಮ್ಮ ಪಕ್ಕದಲ್ಲಿ ಊದಿನಕಡ್ಡಿ ಹಚ್ಚುತ್ತಾರೆ. ಆಮೇಲೆ ಇವನು ಸಣ್ಣ ಕುಂಚ ತೆಗೆದು, ಕಲ್ಲಿನ ಮೇಲೆ ಮಾಸಿದ ಅಪ್ಪನ ಹೆಸರಿಗೆ ಒಂದೊಂದೇ ಅಕ್ಷರವಾಗಿ ಕೆಂಪು ಬಣ್ಣ ತುಂಬುತ್ತಾನೆ. ಕೊನೆಗೆ ಎದ್ದು ನಿಂತು ಮೂರು ಸಲ ಬಾಗುತ್ತಾನೆ. ಆ ಸೋದರತ್ತೆ ಈಗ ಏನೂ ಅನ್ನುವುದಿಲ್ಲವಂತೆ. ಅವನು ಬರೆದು ಮುಗಿಸುವ ತನಕ ಬಣ್ಣದ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿರುತ್ತಾರೆ.

ನಮಸ್ಕಾರ.