‘ಹಲವು ಬಗ್‌ಗಳನ್ನು ಸರಿಪಡಿಸಲಾಗಿದೆ’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ಕಳೆದ ವಾರ ಒಂದು ಮುಕ್ತ, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ, ರೆಕಾರ್ಡಿಂಗ್ ತಂತ್ರಾಂಶದ ಹೊಸ ಆವೃತ್ತಿ ಬಂತು. ಆಸೆಯಿಂದ ರಿಲೀಸ್ ನೋಟ್ಸ್, ಅಂದರೆ ಹೊಸದರಲ್ಲಿ ಏನು ಬದಲಾಗಿದೆ ಎಂದು ಹೇಳುವ ಟಿಪ್ಪಣಿ, ತೆರೆದೆ. ಒಂದೇ ಸಾಲು: ‘ಹಲವು ಬಗ್‌ಗಳನ್ನು ಸರಿಪಡಿಸಲಾಗಿದೆ.’ ಬಗ್ ಅಂದರೆ ತಂತ್ರಾಂಶದಲ್ಲಿನ ದೋಷ. ಮನಸ್ಸು ತಡೆಯಲಿಲ್ಲ, ಕಮಿಟ್‌ಗಳನ್ನು, ಅಂದರೆ ಕೋಡ್‌ನಲ್ಲಿ ಮಾಡಿದ ಬದಲಾವಣೆಗಳ ದಾಖಲೆಗಳನ್ನು, ಒಂದೊಂದಾಗಿ ಓದಿದೆ. ಎಷ್ಟೊಂದು ಒಳ್ಳೆಯ ಕೆಲಸ! ಯಾರೋ ರಾತ್ರಿ ನಿದ್ದೆಗೆಟ್ಟು ಮಾಡಿದ್ದು. ಆದರೆ ಹಾಡುವವರಿಗೆ, ನುಡಿಸುವವರಿಗೆ ಅದರ ಸುಳಿವೇ ಇಲ್ಲ. ಆ ಸಂಕಟವನ್ನೇ ಇವತ್ತು ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ನನ್ನ ಮಾತು ಒಂದೇ. ನೋಟ್ಸ್‌ನಲ್ಲಿ ಬರೆಯುವ ಪ್ರತಿ ಸಾಲೂ ಮೂರು ಪ್ರಶ್ನೆಗೆ ಉತ್ತರ ಕೊಡಬೇಕು. ಯಾರಿಗೆ? ಏನು ಮಾಡುವಾಗ? ಏನಾಗುತ್ತಿತ್ತು? ಕೋಡ್‌ನಲ್ಲಿ ಏನು ಬದಲಾಯಿತು ಅನ್ನುವುದು ಆಮೇಲಿನ ಮಾತು. ಮುಕ್ತ ತಂತ್ರಾಂಶ ಬರೆಯುವ ಗ್ನೂ ಯೋಜನೆಯವರು ಬಹಳ ಹಿಂದೆಯೇ ಇದಕ್ಕೆ ಎರಡು ಬೇರೆ ಫೈಲ್ ಇಡಿ ಎಂದರು. ‘ಚೇಂಜ್‌ಲಾಗ್’ ಕೋಡ್ ಬರೆಯುವವರಿಗೆ, ‘ನ್ಯೂಸ್’ ಬಳಸುವವರಿಗೆ. ತಂತ್ರಾಂಶ ಮಾಡುವ ನಾವು ಮೊದಲನೆಯದನ್ನು ನಕಲು ಮಾಡಿ ಎರಡನೆಯದರ ಜಾಗದಲ್ಲಿ ಅಂಟಿಸುತ್ತೇವೆ.

ಒಂದು ಘಟನೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಆದರೆ ನಾನು ಬಂದಿದ್ದೇ ಇದನ್ನು ಹೇಳೋಕೆ.

ನಾನು ಕೆಲವು ವರ್ಷ ಒಂದು ಸಣ್ಣ ರೆಕಾರ್ಡಿಂಗ್ ತಂತ್ರಾಂಶದ ಬಗ್ ಪಟ್ಟಿ ನೋಡಿಕೊಳ್ಳುತ್ತಿದ್ದೆ. ಒಬ್ಬ ಗಾಯಕಿ ಬರೆದರು, ‘ರೆಕಾರ್ಡ್ ಮಾಡಿ ಕೇಳಿದರೆ ನನ್ನ ಶ್ರುತಿ ಇಳಿದಿರುತ್ತದೆ.’ ಇನ್ನೊಬ್ಬರು, ‘ನಾಲ್ಕು ನಿಮಿಷದ ಹಾಡು ನಾಲ್ಕು ನಿಮಿಷ ಇಪ್ಪತ್ತೊಂದು ಸೆಕೆಂಡ್ ಆಗಿದೆ’ ಎಂದರು. ಮತ್ತೊಬ್ಬರದು ಒಂದೇ ಸಾಲು: ‘ದನಿ ದಪ್ಪ.’ ಮೂರೂ ಬೇರೆ ಬೇರೆ ಬಗ್ ಎಂದುಕೊಂಡು ಮೂರು ಕಡೆ ಇಟ್ಟೆ. ತಿಂಗಳುಗಟ್ಟಲೆ ಹಾಗೇ ಬಿದ್ದಿದ್ದವು.

ಬಗ್ ಒಂದೇ ಆಗಿತ್ತು. ಸೌಂಡ್ ಕಾರ್ಡ್ ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಧ್ವನಿಯ ಅಳತೆಗಳನ್ನು, ಕೊಡುತ್ತಿತ್ತು. ನಮ್ಮ ತಂತ್ರಾಂಶ ಫೈಲಿನ ಹೆಡರ್‌ನಲ್ಲಿ, ಅಂದರೆ ಅದರ ಶುರುವಿನ ವಿವರದಲ್ಲಿ, 44,100 ಎಂದು ಬರೆಯುತ್ತಿತ್ತು. ಪ್ಲೇಯರ್ ಆ ಹೆಡರ್ ನಂಬಿ ನಿಧಾನವಾಗಿ ನುಡಿಸುತ್ತಿತ್ತು. ಹಾಡು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಶ್ರುತಿ, ಕೀಬೋರ್ಡಿನ ಕಪ್ಪು ಬಿಳಿ ಎರಡೂ ಕೀಲಿ ಎಣಿಸಿದರೆ, ಹತ್ತಿರ ಹತ್ತಿರ ಒಂದೂವರೆ ಕೀಲಿ ಕೆಳಗಿಳಿಯುತ್ತದೆ. ನೋಡಿ, ಮೂವರು ಹೇಳಿದ್ದೂ ನಿಜವೇ. ಒಬ್ಬರು ಕಿವಿಯಿಂದ ಹೇಳಿದರು, ಒಬ್ಬರು ಗಡಿಯಾರ ನೋಡಿ ಹೇಳಿದರು, ಇನ್ನೊಬ್ಬರು ತಮ್ಮ ದನಿ ತಮ್ಮದಲ್ಲ ಎಂದು ದಿಗಿಲುಬಿದ್ದು ಹೇಳಿದರು.

ಕೊನೆಗೆ ಸರಿ ಮಾಡಿದೆವು. ನೋಟ್ಸ್‌ನಲ್ಲಿ ನಾನು ಬರೆದ ಸಾಲು: ‘ಹೆಡರ್‌ನ ಸ್ಯಾಂಪಲ್ ರೇಟ್ ಸರಿಪಡಿಸಲಾಗಿದೆ.’ ಕೆಲಸ ಮುಗಿಯಿತು ಅಂದುಕೊಂಡೆ.

ಎರಡು ವಾರದ ಮೇಲೆ ಅದೇ ಗಾಯಕಿ ಮತ್ತೆ ಬರೆದರು, ‘ಹೊಸ ಆವೃತ್ತಿಯಲ್ಲಿ ಶ್ರುತಿ ಏರುತ್ತಿದೆ!’ ಏನಾಗಿತ್ತು ಗೊತ್ತಾ? ಅಷ್ಟು ತಿಂಗಳೂ ಅವರು ಪ್ರತಿ ರೆಕಾರ್ಡಿಂಗ್‌ನ ಶ್ರುತಿಯನ್ನು ತಾವೇ ಒಂದೂವರೆ ಕೀಲಿಯಷ್ಟು ಏರಿಸಿಕೊಳ್ಳುತ್ತಿದ್ದರು. ಬಗ್ ಹೋಯಿತು, ಆದರೆ ಹೋಗಿದೆ ಅಂತ ಅವರಿಗೆ ಯಾರೂ ಹೇಳಲಿಲ್ಲ. ನನ್ನ ಸಾಲನ್ನು ಅವರು ಓದಿದ್ದರು. ಅದು ತಮ್ಮ ಕಷ್ಟದ ಬಗ್ಗೆ ಬರೆದದ್ದು ಅಂತ ಅವರಿಗೆ ಹೇಗೆ ತಿಳಿಯಬೇಕು? ಅದರಲ್ಲಿ ‘ಶ್ರುತಿ’ ಅನ್ನುವ ಪದವೇ ಇರಲಿಲ್ಲ.

ಆ ರಾತ್ರಿ ಕೂತು ಸಾಲನ್ನು ಹೀಗೆ ತಿದ್ದಿದೆ: ‘48,000ದಲ್ಲಿ ರೆಕಾರ್ಡ್ ಮಾಡಿದಾಗ ಹಾಡು ನಿಧಾನವಾಗಿ, ಶ್ರುತಿ ಇಳಿದು ಕೇಳುತ್ತಿತ್ತು. ಇನ್ನು ಹಾಗಾಗದು. ನೀವೇ ಶ್ರುತಿ ಏರಿಸಿಕೊಳ್ಳುತ್ತಿದ್ದರೆ ಅದನ್ನು ನಿಲ್ಲಿಸಿ. ಹಳೆಯ ಫೈಲ್‌ಗಳು ತಾವಾಗಿ ಸರಿಹೋಗುವುದಿಲ್ಲ.’ ಯಾರಿಗೆ, ಏನು ಮಾಡುವಾಗ, ಏನಾಗುತ್ತಿತ್ತು. ಜೊತೆಗೆ, ಈಗ ನೀವೇನು ಮಾಡಬೇಕು. ಬರೆಯೋಕೆ ಹತ್ತು ನಿಮಿಷವೂ ಹಿಡಿಯಲಿಲ್ಲ.

ಸಂಗೀತದ ತಂತ್ರಾಂಶದಲ್ಲಿ ಇದು ಯಾಕೆ ಇಷ್ಟು ಮುಖ್ಯ ಅಂದರೆ, ಇಲ್ಲಿ ಹಳೆಯ ಫೈಲ್ ಅಂದರೆ ಯಾರದೋ ಕೃತಿ. ಧ್ವನಿ ರೆಕಾರ್ಡ್ ಮಾಡಿ ತಿದ್ದುವ ಆಡಾಸಿಟಿ ತಂತ್ರಾಂಶವನ್ನೇ ತೆಗೆದುಕೊಳ್ಳಿ. 2021ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಗೆ ಮುಂಚೆ ಒಂದು ಪ್ರಾಜೆಕ್ಟ್ ಅಂದರೆ ಒಂದು ಸಣ್ಣ ಫೈಲ್, ಪಕ್ಕದಲ್ಲಿ ಧ್ವನಿಯ ಚೂರುಗಳಿದ್ದ ಒಂದು ಫೋಲ್ಡರ್. ಸಣ್ಣ ಫೈಲ್ ಮಾತ್ರ ಕಾಪಿ ಮಾಡಿಕೊಂಡು ಹೋದವರ ಕೈಗೆ ಧ್ವನಿಯೇ ಸಿಗುತ್ತಿರಲಿಲ್ಲ. 3.0ರಿಂದ ಎಲ್ಲ ಒಂದೇ ಫೈಲಿಗೆ ಬಂತು. ಬಹಳ ಒಳ್ಳೆಯದಾಯಿತು. ಆದರೆ ಹೊಸ ಫೈಲನ್ನು ಹಳೆಯ ಆವೃತ್ತಿ ತೆರೆಯಲಾರದು. ತಂಡದಲ್ಲಿ ಒಬ್ಬರು ಅಪ್‌ಡೇಟ್ ಮಾಡಿದರು, ಇನ್ನೊಬ್ಬರು ಮಾಡಲಿಲ್ಲ ಅಂದರೆ ಕೆಲಸ ಅಲ್ಲಿಗೆ ನಿಂತಿತು. ಇಂಥ ಮಾತು ನೋಟ್ಸ್‌ನ ಮೊದಲ ಸಾಲಿನಲ್ಲೇ ಇರಬೇಕು ಅಲ್ವಾ?

ಈ ವಿಷಯದಲ್ಲಿ ಲಿಲಿಪಾಂಡ್‌ನವರನ್ನು ಕಂಡರೆ ನನಗೆ ತುಂಬಾ ಗೌರವ. ಸ್ವರಲಿಪಿ ಅಚ್ಚು ಮಾಡುವ ತಂತ್ರಾಂಶ ಅದು. ಫೈಲಿನ ತಲೆಯಲ್ಲೇ ‘ಇದು ಇಂಥ ಆವೃತ್ತಿಗೆ ಬರೆದದ್ದು’ ಎಂಬ ಸಾಲು ಇಡಿ ಎನ್ನುತ್ತಾರೆ. ಬರೆಯುವ ರೀತಿ ಬದಲಾದರೆ ಹಳೆಯ ಫೈಲನ್ನು ಹೊಸದಕ್ಕೆ ತರೋಕೆ ‘ಕನ್ವರ್ಟ್-ಎಲ್‌ವೈ’ ಎಂಬ ಸಲಕರಣೆಯನ್ನು ಜೊತೆಗೇ ಕೊಡುತ್ತಾರೆ. ಹೊಸ ಬದಲಾವಣೆಗಳನ್ನು ಸ್ವರಲಿಪಿಯ ಉದಾಹರಣೆಗಳ ಜೊತೆ ತೋರಿಸುತ್ತಾರೆ. ಬಗ್ ಹೇಳುವವರನ್ನೂ ಅದೇ ಕೇಳುತ್ತಾರೆ: ಇಡೀ ಕೃತಿ ಬೇಡ, ತಪ್ಪು ಕಾಣುವ ಎರಡು ಮೂರು ಸ್ವರ ಸಾಕು.

ಸಮಯ ಆಗುತ್ತಿದೆ ಎಂದು ಚೀಟಿ ಬಂದಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

‘ಗೊತ್ತಿರುವ ತೊಂದರೆಗಳು’ ಎಂಬ ಭಾಗವನ್ನು ನಾಚಿಕೆಪಟ್ಟು ಬಚ್ಚಿಡಬೇಡಿ. ಅದನ್ನು ಓದಿದವರು ರೆಕಾರ್ಡಿಂಗ್‌ನ ಹಿಂದಿನ ದಿನ ಅಪ್‌ಡೇಟ್ ಮಾಡದೆ ಬಚಾವಾಗುತ್ತಾರೆ.

ಆರು ತಿಂಗಳು ಯಾರೂ ಮಾತಾಡಲಿಲ್ಲ ಅಂತ ಬಗ್ ಮುಗಿಯಿತು ಎಂದು ಪಟ್ಟಿಯಲ್ಲಿ ಮುಚ್ಚಬೇಡಿ. ಹೇಳಿದವರು ಸುಮ್ನಾದರೆ ಬಗ್ ಹೋಯಿತು ಅಂತಲ್ಲ.

‘ಟಪ್ ಟಪ್ ಸದ್ದು ಬರುತ್ತೆ’ ಎಂದರೆ ಬಫರ್ ಎಷ್ಟು, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಎಷ್ಟು ಸ್ಯಾಂಪಲ್ ತೆಗೆದುಕೊಳ್ಳುತ್ತದೆ, ಎಂದು ಕೇಳಿ. 48,000ದಲ್ಲಿ 256 ಇಟ್ಟರೆ ಕಂಪ್ಯೂಟರಿಗೆ ಪ್ರತಿ ಸಲ ಸಿಗುವುದು ಐದು ಮಿಲಿಸೆಕೆಂಡಿಗಿಂತ ಚೂರು ಜಾಸ್ತಿ. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಟಪ್ ಅನ್ನುತ್ತದೆ. ಇದರ ಬಗ್ಗೆ ಇನ್ನೂ ಹೇಳೋದಿತ್ತು, ಬಿಡಿ.

ಬಗ್ ಮುಚ್ಚಿದ ದಿನವೇ ನೋಟ್ಸ್‌ನ ಸಾಲು ಬರೆಯಿರಿ. ಬಿಡುಗಡೆಯ ಹಿಂದಿನ ರಾತ್ರಿ ಕೂತರೆ ನಿಮಗೇ ನೆನಪಿರುವುದಿಲ್ಲ.

ಇನ್ನು ಐದು ನಿಮಿಷ ಇದೆಯಂತೆ. ಪ್ರಶ್ನೋತ್ತರದ ಬದಲು ಒಂದು ಕೆಲಸ ಮಾಡೋಣ. ಪರದೆಯ ಮೇಲೆ ಒಂದು ಸಾಲು ಹಾಕಿದ್ದೇನೆ: ‘ಮಿಡಿ ನೋಟ್-ಆಫ್ ನಿರ್ವಹಣೆ ಸುಧಾರಿಸಿದೆ.’ ಮಿಡಿ ಅಂದರೆ ವಾದ್ಯ, ಕಂಪ್ಯೂಟರ್ ಮಾತಾಡಿಕೊಳ್ಳುವ ಭಾಷೆ; ನೋಟ್-ಆಫ್ ಅಂದರೆ ‘ಸ್ವರ ನಿಲ್ಲಿಸು’ ಎಂಬ ಸಂದೇಶ. ಕೀಲಿಯಿಂದ ಕೈ ತೆಗೆದರೂ ಸ್ವರ ನಿಲ್ಲದೆ ಕೊಂಯ್ ಅನ್ನುತ್ತಿದ್ದ ಬಗ್ ಅದು. ಪೆನ್ನು ತೆಗೆಯಿರಿ. ಆ ಸ್ವರ ಕೇಳಿ ಗಾಬರಿಯಾಗಿದ್ದವರಿಗೆ ಅರ್ಥವಾಗುವ ಹಾಗೆ ಬರೆಯಿರಿ. ಹಿಂದೆ ಕೂತವರಿಂದ ಶುರು ಮಾಡಿ ಓದೋಣ, ಯಾರು ಶುರು ಮಾಡ್ತೀರಿ?